ಕಾಟರಿ ಕೆಳಗಿಟ್ಟ ಮೇಲೆ ಬೆನ್ನಿನ ನೀರು ಕಡಿಮೆಯಾಯ್ತು

ಲ್ಯಾಟಿಸಿಮಸ್ ಫ್ಲ್ಯಾಪ್, ಅಂದರೆ ಬೆನ್ನಿನ ಸ್ನಾಯು ತಂದು ಎದೆ ಕಟ್ಟುವ ಶಸ್ತ್ರಚಿಕಿತ್ಸೆ, ಮಾಡುವವರಿಗೆ ಸಿರೋಮಾ (ಗಾಯದೊಳಗೆ ನೀರು ತುಂಬುವುದು) ಅಂದರೇನು ಅಂತ ಹೇಳಬೇಕಿಲ್ಲ. ಎದೆ ಚೆನ್ನಾಗಿ ಕೂತಿರುತ್ತದೆ, ನಾವು ಖುಷಿಯಲ್ಲಿರುತ್ತೇವೆ. ಡ್ರೈನ್ (ಗಾಯದ ನೀರು ಹೊರಹಾಕುವ ಕೊಳವೆ) ತೆಗೆದ ನಾಲ್ಕನೇ ದಿನ ರೋಗಿ ಬಂದು, "ಡಾಕ್ಟ್ರೇ, ಬೆನ್ನಲ್ಲಿ ಏನೋ ಕುಲುಕಾಡ್ತಿದೆ" ಅನ್ನುತ್ತಾರೆ. ಒಂದು ಕಾಲಕ್ಕೆ ನನ್ನ ಹತ್ತು ಕೇಸಿನಲ್ಲಿ ಆರೇಳಕ್ಕಾದರೂ ಸೂಜಿ ಹಾಕಿ ನೀರು ತೆಗೆಯುತ್ತಿದ್ದೆ. ಒಬ್ಬರಿಗಂತೂ ಒಂಬತ್ತು ಸಲ.

ಆಗ ಎಲ್ಲವನ್ನೂ ಮಾನೊಪೋಲಾರ್ ಕಾಟರಿಯಲ್ಲೇ (ವಿದ್ಯುತ್ತಿನಿಂದ ಸುಟ್ಟು ಕೊಯ್ಯುವ ಸಾಧನ) ಬಿಡಿಸುತ್ತಿದ್ದೆ, ಅದೂ ರಕ್ತ ನಿಲ್ಲಿಸುವ ಕೋಆಗ್ ಮೋಡಿನಲ್ಲಿ. ರಕ್ತ ಬರಲ್ಲ, ಕೈ ಬೇಗ ಓಡುತ್ತದೆ. ತಪ್ಪು ಎಲ್ಲಿದೆ ಅಂತ ಹೊಳೆದದ್ದು ಒಂದು ಸುಮ್ನೆ ಮಾಡಿದ ಪ್ರಯೋಗದಿಂದ. ಬಿಸಾಡಬೇಕಿದ್ದ ಕೊಬ್ಬಿನ ತುಂಡನ್ನು, ರೋಗಿಯ ಒಪ್ಪಿಗೆ ಪಡೆದು, ಮೂರು ಕಡೆ ಕೊಯ್ದೆ: ಒಂದು ಬ್ಲೇಡಿನಲ್ಲಿ, ಒಂದು ಕಾಟರಿಯ ಕಟ್ ಮೋಡಿನಲ್ಲಿ, ಒಂದು ಕೋಆಗ್‌ನಲ್ಲಿ. ಬ್ಲೇಡ್ ಹೋದ ಕಡೆ ಕೊಬ್ಬು ಹಳದಿಯಾಗಿ ಮಿನುಗುತ್ತಿತ್ತು. ಕೋಆಗ್ ಹೋದ ಕಡೆ ಕಂದು ಅಂಚು, ಅದರ ಹಿಂದೆ ಬೆಂದು ಬೆಳ್ಳಗಾದ ಇನ್ನೊಂದು ಪಟ್ಟಿ. ಬೆರಳಲ್ಲಿ ಒತ್ತಿದರೆ ಎಣ್ಣೆ ಜಿನುಗುತ್ತಿತ್ತು. ಇಷ್ಟು ಬೆಂದ ಎರಡು ಪದರಗಳನ್ನು ಒಂದರ ಮೇಲೊಂದು ಇಟ್ಟು, ಅಂಟಿಕೋ ಅಂದರೆ ಹೇಗೆ ಅಂಟೀತು?

ಮೊದಲು ಹಾರ್ಮೋನಿಕ್ ಹಿಡಿದೆ, ಅಲ್ಟ್ರಾಸೌಂಡ್ ಅದುರಿನಿಂದ ಕೊಯ್ಯುವ ಸಾಧನ. ಸೆಕೆಂಡಿಗೆ 55,500 ಸಲ ಅದುರುತ್ತದೆ, ಶಾಖ ಕಾಟರಿಗಿಂತ ಕಡಿಮೆ, ಹೊಗೆಯೂ ಕಡಿಮೆ. ಆದರೆ ಅಷ್ಟು ಅಗಲದ ಬೆನ್ನನ್ನು ಅದರಲ್ಲಿ ಬಿಡಿಸುವುದು ಚಮಚದಲ್ಲಿ ಬಾವಿ ತೋಡಿದ ಹಾಗೆ. ಕೊಯ್ದು ಮುಗಿದ ಮೇಲೂ ತುದಿ ಸುಡುತ್ತಲೇ ಇರುತ್ತದೆ. ಒಂದು ಸಲ ಅದೇ ತುದಿ ಒಳಗಿನಿಂದ ಚರ್ಮಕ್ಕೆ ತಗುಲಿ, ಕಾಸಿನಗಲ ಸುಟ್ಟಿತು. ದುಡ್ಡಿನ ಕತೆಯಂತೂ ಕೇಳಬೇಡಿ. ಒಂದು ಹ್ಯಾಂಡ್‌ಪೀಸಿನ ಬೆಲೆಗೆ ವರ್ಷಕ್ಕಾಗುವಷ್ಟು ಬ್ಲೇಡ್ ಬರುತ್ತವೆ. ಇಪ್ಪತ್ತು ಕೇಸ್ ನೋಡಿದೆ. ಡ್ರೈನ್ ಒಂದೆರಡು ದಿನ ಬೇಗ ಬಂತೇನೋ, ಸಿರೋಮಾ ಹಾಗೇ ಉಳಿಯಿತು. ನಡುವೆ ಪದರಗಳನ್ನು ಅಂಟಿಸುವ ಫೈಬ್ರಿನ್ ಗ್ಲೂ ಕೂಡ ಸುರಿದೆ. ಹಣ ಹೋಯಿತು, ನೀರು ಹೋಗಲಿಲ್ಲ.

ಬರೀ ಬ್ಲೇಡು, ಕತ್ತರಿಯಲ್ಲಿ ಮಾಡ್ತೀನಿ ಅಂದಾಗ ಥಿಯೇಟರಿನಲ್ಲಿ ಎಲ್ಲರೂ ನಕ್ಕರು. ಅರಿವಳಿಕೆಯವರು "ರಕ್ತ ಎಷ್ಟು ಬಾಟಲ್ ತರಿಸಲಿ?" ಅಂದರು. ಅವರ ಬಾಯಲ್ಲಿ ಏನಿತ್ತೋ, ಎರಡನೇ ಕೇಸಿಗೇ ರಾತ್ರಿ ಹೆಮಟೋಮಾ, ಒಳಗೆ ರಕ್ತ ತುಂಬಿಕೊಂಡಿತು. ಹನ್ನೊಂದು ಗಂಟೆಗೆ ಮತ್ತೆ ತೆಗೆದು ತೊಳೆದೆ. ಆಮೇಲೆ ಎರಡು ತಿಂಗಳು ಬ್ಲೇಡಿನ ಮಾತೇ ಎತ್ತಲಿಲ್ಲ.

ದಾರಿ ಸಿಕ್ಕಿದ್ದು ಸಲೈನಿನಿಂದ. ಲೀಟರಿಗೆ 1 ಮಿಲಿಗ್ರಾಂ ಅಡ್ರಿನಲಿನ್ (ರಕ್ತನಾಳ ಕುಗ್ಗಿಸುವ ಔಷಧ) ಬೆರೆಸಿ ಬೆನ್ನಿನ ಕೊಬ್ಬಿಗೆ ಹಾಕಿ, ಹತ್ತು ನಿಮಿಷ ಸುಮ್ಮನೆ ಕಾಯುತ್ತೇನೆ. ಕಾಯುವುದೇ ಕಷ್ಟ, ಎಲ್ಲರ ಕಣ್ಣೂ ಗಡಿಯಾರದ ಮೇಲೆ. ಯಾವ ಪದರಕ್ಕೆ, ಯಾವ ಕ್ರಮದಲ್ಲಿ ಹಾಕುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ, ಥಿಯೇಟರಿಗೆ ಬಂದವರಿಗೆ ತೋರಿಸ್ತೀನಿ. ಆಮೇಲೆ ಚರ್ಮದ ಕಡೆ ಪೂರ್ತಿ ಬ್ಲೇಡು. ರಕ್ತನಾಳ ಕಂಡಲ್ಲಿ ಬೈಪೋಲಾರ್ (ಎರಡು ತುದಿಗಳ ನಡುವೆ ಮಾತ್ರ ಸುಡುವ ಕಾಟರಿ), ಸ್ನಾಯು ತೂರಿ ಚರ್ಮಕ್ಕೆ ಬರುವ ದೊಡ್ಡ ಪರ್ಫೊರೇಟರ್ ನಾಳಕ್ಕೆ ಕ್ಲಿಪ್. ಸ್ನಾಯುವನ್ನು ಬುಡದಲ್ಲಿ ಕತ್ತರಿಸುವಾಗ ಮಾತ್ರ ಕಾಟರಿ ಬೇಕೇ ಬೇಕು, ಅಲ್ಲಿ ಶೂರತನ ಬೇಡ. ಎದೆಯ ಚರ್ಮಕ್ಕೆ ಈ ಅಡ್ರಿನಲಿನ್ ನೀರು ನಾನು ಹಾಕುವುದಿಲ್ಲ. ಅದು ಮೊದಲೇ ತೆಳ್ಳಗೆ, ರಕ್ತ ಓಡಾಟವೂ ಅಷ್ಟಕ್ಕಷ್ಟೇ.

ಮುಚ್ಚುವಾಗ ಕ್ವಿಲ್ಟಿಂಗ್ ಹೊಲಿಗೆ (ಚರ್ಮದ ಪದರವನ್ನು ಕೆಳಗಿನ ಪದರಕ್ಕೆ ಅಲ್ಲಲ್ಲಿ ಸೇರಿಸುವ ಹೊಲಿಗೆ), ಸುಮಾರು ಮೂರು ಸೆಂಟಿಮೀಟರಿಗೊಂದು. ಶುರುವಿನಲ್ಲಿ ಜಾಸ್ತಿ ಎಳೆದು ಬೆನ್ನೆಲ್ಲ ಹಾಸಿಗೆ ದಿಂಬಿನ ಹಾಗೆ ಗುಳಿ ಬಿದ್ದಿತ್ತು. ತಿಂಗಳುಗಳು ಹಿಡಿಯಿತು ಸಮ ಆಗಲು.

"ನೀರು ನಿಂತದ್ದು ಹೊಲಿಗೆಯಿಂದ, ಬ್ಲೇಡಿನಿಂದಲ್ಲ" ಅಂತ ಒಬ್ಬ ಗೆಳೆಯನ ವಾದ. ಅರ್ಧ ನಿಜ. ಅದಕ್ಕೇ ಎರಡೂ ಕಡೆ ಫ್ಲ್ಯಾಪ್ ಬೇಕಿದ್ದ ಮೂವರಲ್ಲಿ, ಒಪ್ಪಿಗೆ ಕೇಳಿ, ಎರಡೂ ಬದಿಗೆ ಒಂದೇ ಹೊಲಿಗೆ ಹಾಕಿದೆ. ಒಂದು ಬದಿ ಕಾಟರಿ, ಇನ್ನೊಂದು ಬದಿ ಬ್ಲೇಡು. ದಿನಕ್ಕೆ 30 ಮಿಲಿಗಿಂತ ಕೆಳಗೆ ಬಂದಾಗ ಡ್ರೈನ್ ತೆಗೆಯುವುದು ಅಂತ ಮೊದಲೇ ಗೊತ್ತುಮಾಡಿದ್ದೆ. ಇಬ್ಬರಲ್ಲಿ ಬ್ಲೇಡಿನ ಬದಿ ನಾಲ್ಕೈದು ದಿನ ಮೊದಲೇ ಒಣಗಿತು. ಮೂರನೆಯವರಲ್ಲಿ ಎರಡೂ ಸಮ. ಮೂವರಿಂದ ಏನೂ ಸಾಬೀತಾಗಲ್ಲ, ಗೊತ್ತು. ಗೆಳೆಯನ ಬಾಯಿ ಮುಚ್ಚಿಸಲು ಸಾಕಾಯಿತು.

ಬ್ಲೇಡಿನಲ್ಲಿ ಮೊದಲಿಗಿಂತ ಅರ್ಧ ಗಂಟೆಗೂ ಹೆಚ್ಚು ಸಮಯ ಹಿಡಿಯುತ್ತದೆ, ಥಿಯೇಟರಿನ ಬಿಲ್ಲಿಗೆ ಅದು ಸೇರುತ್ತದೆ. ಆದರೆ ಪದೇ ಪದೇ ಸೂಜಿಗೆ ಬರುವ ಖರ್ಚು, ಅವರ ರಜೆ, ಜೊತೆಗೆ ಬರುವವರ ರಜೆ ಕೂಡಿಸಿದರೆ ಇದೇ ಅಗ್ಗ. ಈಗ ಹತ್ತರಲ್ಲಿ ಒಬ್ಬಿಬ್ಬರಿಗೆ ಸೂಜಿ ಬೇಕಾಗುತ್ತದೆ. ಹೆಚ್ಚಾಗಿ ಬೆನ್ನು ದಪ್ಪಗಿರುವವರು. ಹೋದ ತಿಂಗಳೂ ಒಬ್ಬರಿಗೆ ಮೂರು ಸಲ ತೆಗೆದೆ. ಅರಿವಳಿಕೆಯವರು ಅದನ್ನು ಮರೆಯದೆ ನೆನಪಿಸಿದರು.