ಗಾಮಾ ಆಕರದ ಗುರುತು ಹಿಡಿಯಲು ರೇಡಿಯೊ ನಕ್ಷೆ

2008ರಲ್ಲಿ ಬಾಹ್ಯಾಕಾಶಕ್ಕೆ ಹಾರಿದ, ಗಾಮಾ ಕಿರಣ ನೋಡುವ ಫರ್ಮಿ ದೂರದರ್ಶಕದ ಪಟ್ಟಿಯಲ್ಲಿ ಈಗ ಏಳು ಸಾವಿರಕ್ಕೂ ಹೆಚ್ಚು ಗಾಮಾ ಆಕರಗಳಿವೆ. ಅವುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಯಾವ ಕಾಯವೆಂದು ಇನ್ನೂ ಗೊತ್ತಾಗಿಲ್ಲ. ಹುಡುಕುವ ದಾರಿ ಹೀಗಿದೆ.

ಹಂತ 1: ಆಕರದ ಶೇ 95 ಖಾತ್ರಿಯ ದೀರ್ಘವೃತ್ತವನ್ನು, ಅಂದರೆ ಆಕರ ಇರಬಹುದಾದ ಜಾಗದ ಗೆರೆಯನ್ನು, ಪಟ್ಟಿಯಿಂದ ತೆಗೆದುಕೊಳ್ಳಿ. ಅಳತೆ ಡಿಗ್ರಿಯಲ್ಲಿದೆ, ಆರ್ಕ್‌ಮಿನಿಟ್‌ನಲ್ಲಿ (ಡಿಗ್ರಿಯ ಅರವತ್ತನೇ ಒಂದು ಪಾಲು) ಅಲ್ಲ.

ಹಂತ 2: ಅದನ್ನು ಆಕಾಶದ ನಕ್ಷೆ ತೋರಿಸುವ ಅಲಾದಿನ್ ತಂತ್ರಾಂಶದಲ್ಲಿ ಎರಡು ರೇಡಿಯೊ ನಕ್ಷೆಗಳ ಮೇಲೆ ಹಾಸಿ: ಪುಣೆ ಬಳಿಯ ಖೋಡದ್‌ನ ಜಿಎಂಆರ್‌ಟಿ ರೇಡಿಯೊ ದೂರದರ್ಶಕ ಮಾಡಿದ ಟಿಜಿಎಸ್‌ಎಸ್ (150 ಮೆಗಾಹರ್ಟ್ಸ್) ಮತ್ತು ಅಮೆರಿಕದ ಎನ್‌ವಿಎಸ್‌ಎಸ್ (1,400 ಮೆಗಾಹರ್ಟ್ಸ್).

ಹಂತ 3: ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ದೀರ್ಘವೃತ್ತದೊಳಗೆ ಕಂಡ ಅತಿ ಪ್ರಕಾಶದ ಚುಕ್ಕೆಯೇ ನಾವು ಹುಡುಕುವ ಕಳ್ಳ ಎಂದು ತೀರ್ಮಾನಿಸಿಬಿಡುತ್ತಾರೆ. ಎನ್‌ವಿಎಸ್‌ಎಸ್‌ನಲ್ಲಿ ಚದರ ಡಿಗ್ರಿಗೆ ಐವತ್ತರಷ್ಟು ಚುಕ್ಕೆಗಳಿವೆ; 6 ಆರ್ಕ್‌ಮಿನಿಟ್ ತ್ರಿಜ್ಯದೊಳಗೆ ಒಂದೂವರೆ ಚುಕ್ಕೆ ಬರೀ ಆಕಸ್ಮಿಕವಾಗಿಯೇ ಬೀಳುತ್ತದೆ. ಹಾಗಾಗಿ ಚುಕ್ಕೆಯ ಇಳಿಜಾರು ನೋಡಬೇಕು, ಅಂದರೆ ಕಂಪನಾಂಕ ಏರಿದಂತೆ ಪ್ರಕಾಶ ಎಷ್ಟು ಕುಸಿಯುತ್ತದೆ ಎಂದು. ಎರಡು ಪ್ರಕಾಶಗಳ ಅನುಪಾತದ ಲಾಗ್ ಅನ್ನು ಕಂಪನಾಂಕಗಳ ಅನುಪಾತದ ಲಾಗ್‌ನಿಂದ ಭಾಗಿಸಿ. 150ರಲ್ಲಿ 60 ಮಿಲಿಜಾನ್ಸ್ಕಿ (ರೇಡಿಯೊ ಪ್ರಕಾಶದ ಅಳತೆ) ಇದ್ದು, 1,400ರಲ್ಲಿ 2.5ರ ಮಿತಿಯಲ್ಲೂ ಏನೂ ಕಾಣದಿದ್ದರೆ ಇಳಿಜಾರು −1.4 ಅಥವಾ ಇನ್ನೂ ಕಡಿದು. ಚುಕ್ಕೆ ಬಿಂದುವಿನಂತಿದ್ದರೆ ಪಲ್ಸಾರ್ (ತಿರುಗುತ್ತ ಮಿಡಿಯುವ ನ್ಯೂಟ್ರಾನ್ ನಕ್ಷತ್ರ) ಅನುಮಾನ. −0.5ಕ್ಕಿಂತ ಸಪಾಟಾಗಿದ್ದರೆ ಬ್ಲೇಝಾರ್ (ನಮ್ಮತ್ತಲೇ ಕಣಧಾರೆ ಚಿಮ್ಮುವ ಗೆಲಾಕ್ಸಿಯ ಕೇಂದ್ರ). −0.7, −0.8ರ ಆಸುಪಾಸಿನವು ಬಹುತೇಕ ಸಾಮಾನ್ಯ ರೇಡಿಯೊ ಗೆಲಾಕ್ಸಿಗಳು, ಪಕ್ಕಕ್ಕಿಡಿ.

ಸಮಯ ಉಳಿಸಲು 887 ಮತ್ತು 1,400 ಮೆಗಾಹರ್ಟ್ಸ್‌ನಂಥ ಹತ್ತಿರದ ಕಂಪನಾಂಕಗಳ ಜೋಡಿ ಹಿಡಿಯಬೇಡಿ. ಅಲ್ಲಿ ಪ್ರಕಾಶದಲ್ಲಿ ಶೇ 10 ತಪ್ಪಿದರೆ ಇಳಿಜಾರು 0.2 ಜಾರುತ್ತದೆ, 150–1,400 ಜೋಡಿಯಲ್ಲಿ ಬರೀ 0.04. ಅಮೆರಿಕದ ಇನ್ನೊಂದು ರೇಡಿಯೊ ನಕ್ಷೆ, 3,000 ಮೆಗಾಹರ್ಟ್ಸ್‌ನ ವಿಎಲ್‌ಎಎಸ್‌ಎಸ್, 2.5 ಆರ್ಕ್‌ಸೆಕೆಂಡಿನಷ್ಟು ಚೂಪು, ಚುಕ್ಕೆಯ ಜಾಗ ತಿಳಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಹರಡಿಕೊಂಡ ಗೆಲಾಕ್ಸಿಯ ಮಂದ ಭಾಗಗಳನ್ನು ಅದು ನುಂಗಿಬಿಡುತ್ತದೆ, ಹಾಗಾಗಿ ಕಡಿದಲ್ಲದ್ದೂ ಕಡಿದಾಗಿ ಕಾಣುತ್ತದೆ. ಇಳಿಜಾರಿಗೆ ಅದನ್ನು ಬಳಸಲೇಬೇಡಿ. ಟಿಜಿಎಸ್‌ಎಸ್ ಪಟ್ಟಿಯನ್ನಷ್ಟೇ ನಂಬಿ ಕೂರುವುದೂ ತಪ್ಪು: ಚಿತ್ರದ ಗದ್ದಲದ (ಹಿನ್ನೆಲೆಯ ಏರಿಳಿತ) ಏಳು ಪಟ್ಟು ಮೀರಿದ್ದನ್ನು ಮಾತ್ರ ಅದರಲ್ಲಿ ಸೇರಿಸಿದ್ದಾರೆ. ಐದು ಪಟ್ಟಿನ ಚುಕ್ಕೆಯನ್ನು ಚಿತ್ರದಲ್ಲೇ ಕಣ್ಣಿಟ್ಟು ಹುಡುಕಬೇಕು.

ಹಂತ 4: ಫರ್ಮಿ ದತ್ತಾಂಶದ ಜೊತೆ ತಾಳೆ ನೋಡಿ. ಗಾಮಾ ಪ್ರಕಾಶ ಏರಿಳಿದರೆ ಬ್ಲೇಝಾರ್, ಸ್ಥಿರವಾಗಿದ್ದು ರೋಹಿತ (ಶಕ್ತಿಗೆ ತಕ್ಕಂತೆ ಪ್ರಕಾಶ ತೋರುವ ಗೆರೆ) ಬಾಗಿದ್ದರೆ ಪಲ್ಸಾರ್.

ಹಂತ 5: ಬ್ಲೇಝಾರ್ ಎನಿಸಿದರೆ ದೃಗ್ಗೋಚರ ಬೆಳಕಿನ ರೋಹಿತ ತೆಗೆಸಿ. ಪಲ್ಸಾರ್ ಆದರೆ ಮಿಡಿತ ಹುಡುಕಬೇಕು, ಅದೂ ಒಂದಕ್ಕಿಂತ ಹೆಚ್ಚು ದಿನ, ಒಮ್ಮೆ ಮರೆಯಲ್ಲಿದ್ದರೂ ಇನ್ನೊಮ್ಮೆ ಸಿಗಲಿ ಎಂದು. ಫರ್ಮಿ ತೋರಿದ ಜಾಗದಲ್ಲೇ ಜಿಎಂಆರ್‌ಟಿಗೆ ಸಿಕ್ಕ, 2.16 ಮಿಲಿಸೆಕೆಂಡಿಗೊಮ್ಮೆ ಮಿಡಿಯುವ ಜೆ1544+4937 ಪಲ್ಸಾರ್, ಪ್ರತಿ ಸುತ್ತಿನಲ್ಲೂ ಸ್ವಲ್ಪ ಹೊತ್ತು ಸಂಗಾತಿಯ ಅನಿಲದ ಹಿಂದೆ ಮರೆಯಾಗುತ್ತದೆ. ಆ ಹೊತ್ತಿನಲ್ಲಿ 322 ಮೆಗಾಹರ್ಟ್ಸ್‌ನಲ್ಲಿ ಎಷ್ಟು ಹುಡುಕಿದರೂ ಮಿಡಿತ ಸಿಗುವುದಿಲ್ಲ.