ಅರ್ಜಿಯಲ್ಲಿ ಕೇಳುವ ‘ವೆಟರನ್’ ಯಾರು?

ಅಮೆರಿಕದಲ್ಲಿ ಕೆಲಸ ಹುಡುಕಿದವರಿಗೆ ಈ ಪ್ರಶ್ನೆ ಪರಿಚಯವಿರುತ್ತದೆ. ಅರ್ಜಿಯ ಕೊನೆಗೆ ಬಂದಾಗ ಕೇಳುತ್ತಾರೆ: ನೀವು ‘ಪ್ರೊಟೆಕ್ಟೆಡ್ ವೆಟರನ್’ ಹೌದೋ ಅಲ್ಲವೋ? ನಮ್ಮಲ್ಲಿ ಹೆಚ್ಚಿನವರು ‘ಅಲ್ಲ’ ಎಂದು ಒತ್ತಿ ಮುಂದೆ ಹೋಗುತ್ತೇವೆ. ಒಂದು ಸಲ ಅಲ್ಲೇ ನಿಂತು ಆ ಪದದ ಹಿಂದೆ ಯಾರಿದ್ದಾರೆ ಅಂತ ನೋಡೋಣ.

ವೆಟರನ್ ಅಂದರೆ ಅಮೆರಿಕದ ಸೇನೆಯಲ್ಲಿದ್ದು ಹೊರಬಂದವರು. ಊರಲ್ಲಿ ಮಾಜಿ ಸೈನಿಕರು ಅಂತೀವಲ್ಲ, ಹಾಗೆ. ಪಿಂಚಣಿಗೆ ಸಾಮಾನ್ಯವಾಗಿ 20 ವರ್ಷ ಬೇಕು. ಆದರೆ ನಾಲ್ಕೇ ವರ್ಷ ಇದ್ದು ಬಂದ 22ರ ಹುಡುಗಿಯೂ ವೆಟರನ್. ಭಾರತದ ಸೇನೆಯಲ್ಲಿದ್ದು ಬಂದವರು ಈ ಲೆಕ್ಕಕ್ಕೆ ಸೇರುವುದಿಲ್ಲ. ಸರ್ಕಾರದ ಗುತ್ತಿಗೆ ಪಡೆಯುವ ಕಂಪನಿಗಳು ವೆಟರನ್‌ಗಳಿಗೆ ತಾರತಮ್ಯ ಮಾಡಬಾರದು ಎಂದು 1974ರಲ್ಲಿ ಒಂದು ಕಾನೂನು ಬಂತು. ಅದರ ರಕ್ಷಣೆ ಇರುವವರೇ ‘ಪ್ರೊಟೆಕ್ಟೆಡ್ ವೆಟರನ್’. ಅರ್ಜಿಯ ಪ್ರಶ್ನೆ ಹುಟ್ಟಿದ್ದು ಅಲ್ಲಿ. ಅವರ ಆಸ್ಪತ್ರೆ, ಅಂಗವಿಕಲರಾದವರ ಪರಿಹಾರ, ಕಾಲೇಜಿನ ಖರ್ಚು, ಮನೆ ಸಾಲದ ಗ್ಯಾರಂಟಿ ಇವನ್ನೆಲ್ಲ ನೋಡಿಕೊಳ್ಳುವ ಇಲಾಖೆಗೆ ‘ವಿಎ’ ಎನ್ನುತ್ತಾರೆ.

ಎರಡು ರಜೆಗಳು ನಮ್ಮವರಿಗೆ ಬೆರೆತುಹೋಗುತ್ತವೆ. ಮೇ ತಿಂಗಳ ಕೊನೆಯ ಸೋಮವಾರದ ಮೆಮೋರಿಯಲ್ ಡೇ ಸೇವೆಯಲ್ಲಿದ್ದು ಸತ್ತವರಿಗೆ. ನವೆಂಬರ್ 11ರ ವೆಟರನ್ಸ್ ಡೇ ಸೇವೆ ಮಾಡಿದ ಎಲ್ಲರಿಗೂ. 1918ರಲ್ಲಿ ಮೊದಲ ಮಹಾಯುದ್ಧ ನಿಂತ ದಿನ ಅದು. ‘ಹ್ಯಾಪಿ ಮೆಮೋರಿಯಲ್ ಡೇ’ ಎಂಬ ಮಾತು ಮಗನನ್ನು ಕಳೆದುಕೊಂಡ ತಾಯಿಗೆ ಹೇಗೆ ಕೇಳಿಸಬಹುದು ಯೋಚಿಸಿ. ದಯವಿಟ್ಟು ಅದನ್ನು ಬಿಡಿ.

ಈಗ ಕೆಲವರ ಕಥೆ. ಡೇನಿಯಲ್ ಇನೊವೆ ಹವಾಯಿಯ ಜಪಾನಿ ಮೂಲದ ಮನೆಯ ಹುಡುಗ. 1941ರಲ್ಲಿ ಹವಾಯಿಯ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಜಪಾನ್ ದಾಳಿ ಮಾಡಿದ ದಿನ ಅವರಿಗೆ 17 ವರ್ಷ. ಗಾಯಾಳುಗಳ ಆರೈಕೆಗೆ ಓಡಿದರು. ಆದರೂ ಅವರಂಥ ಹುಡುಗರನ್ನು ಸರ್ಕಾರ ‘ಶತ್ರು ದೇಶದವರು’ ಎಂಬ ಪಟ್ಟಿಗೆ ಸೇರಿಸಿತು. 1943ರಲ್ಲಿ ಸೇನೆಯ ಬಾಗಿಲು ತೆರೆದಾಗ ಅವರು ಜಪಾನಿ ಮೂಲದ ಹುಡುಗರ 442ನೇ ರೆಜಿಮೆಂಟ್ ಸೇರಿದರು. 1945ರ ಏಪ್ರಿಲ್‌ನಲ್ಲಿ ಇಟಲಿಯಲ್ಲಿ ಬಲಗೈ ಹೋಯಿತು. ಸರ್ಜನ್ ಆಗಬೇಕೆಂಬ ಆಸೆಯೂ ಅದರ ಜೊತೆಗೇ ಹೋಯಿತು.

ಅದೇ ತಿಂಗಳು ಇಟಲಿಯಲ್ಲೇ ಗಾಯಗೊಂಡ ಇನ್ನೊಬ್ಬರು ಕ್ಯಾನ್ಸಸ್‌ನ ಬಾಬ್ ಡೋಲ್. ಅವರಿಗೂ ಬಲಗೈ ಮತ್ತೆ ಸರಿಯಾಗಲಿಲ್ಲ. ಮಿಷಿಗನ್‌ನ ಬ್ಯಾಟಲ್ ಕ್ರೀಕ್ ಊರಿನ ಸೇನಾ ಆಸ್ಪತ್ರೆಯಲ್ಲಿ ಇಬ್ಬರೂ ಗೆಳೆಯರಾದರು. ವೆಟರನ್‌ಗಳಿಗೆ ಓದಿನ ಖರ್ಚು ಕೊಡುವ ‘ಜಿಐ ಬಿಲ್’ 1944ರಲ್ಲೇ ಬಂದಿತ್ತು. ಅದರ ಬಲದಿಂದ ಇನೊವೆ ಕಾನೂನು ಓದಿದರು. ಮುಂದೆ ಇಬ್ಬರೂ ಸೆನೆಟರ್ ಆದರು, ಬೇರೆ ಬೇರೆ ಪಕ್ಷದಲ್ಲಿ. ಇನೊವೆಗೆ ಸೇನೆಯ ಅತಿ ದೊಡ್ಡ ಗೌರವವಾದ ಮೆಡಲ್ ಆಫ್ ಆನರ್ ಸಿಕ್ಕಿದ್ದು 2000ದಲ್ಲಿ. ಗಾಯವಾಗಿ 55 ವರ್ಷಗಳಾದ ಮೇಲೆ! 2012ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗ 89 ವರ್ಷದ ಡೋಲ್ ಗಾಲಿಕುರ್ಚಿಯಿಂದ ಎದ್ದರು. ಒಬ್ಬರ ಆಸರೆ ಹಿಡಿದು ಶವಪೆಟ್ಟಿಗೆಯ ಹತ್ತಿರ ಹೋಗಿ ಎಡಗೈಯಲ್ಲಿ ಸೆಲ್ಯೂಟ್ ಮಾಡಿದರು. ಆ ದೃಶ್ಯ ನೆನೆದರೆ ಈಗಲೂ ನನಗೆ ಗಂಟಲು ಕಟ್ಟುತ್ತದೆ.

ಎಲ್ಲರಿಗೂ ದೇಶ ಹೀಗೆ ಋಣ ತೀರಿಸಲಿಲ್ಲ. ಮೆಡ್ಗರ್ ಎವರ್ಸ್ ಎಂಬ ಕಪ್ಪು ಯುವಕ ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್‌ವರೆಗೆ ಹೋಗಿ ಬಂದಿದ್ದರು. 1946ರಲ್ಲಿ ಮಿಸಿಸಿಪ್ಪಿಯ ತಮ್ಮ ಊರಲ್ಲಿ ಮತ ಹಾಕಲು ಹೋದರೆ ಬಿಳಿಯರು ಬಂದೂಕು ಹಿಡಿದು ತಡೆದರು. ನಾಗರಿಕ ಹಕ್ಕುಗಳಿಗಾಗಿ ಹೋರಾಡಿದ ಅವರನ್ನು 1963ರಲ್ಲಿ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ಸೇನಾ ಸ್ಮಶಾನಕ್ಕೆ ಹೋದಾಗ ಕೆನಡಿ ಸಮಾಧಿಯಷ್ಟೇ ನೋಡಿ ಬರಬೇಡಿ. ಎವರ್ಸ್ ಕೂಡ ಅಲ್ಲೇ ಇದ್ದಾರೆ.

ನಮಗೆ ತುಂಬಾ ಹತ್ತಿರದ ಹೆಸರು ಭಗತ್ ಸಿಂಗ್ ಥಿಂಡ್. ಪಂಜಾಬಿನವರು. 1918ರಲ್ಲಿ ಪೇಟ ಸುತ್ತಿಕೊಂಡೇ ಅಮೆರಿಕದ ಸೇನೆಯಲ್ಲಿ ಸೇವೆ ಮಾಡಿದರು. ಆ ವರ್ಷ ಡಿಸೆಂಬರ್‌ನಲ್ಲಿ ಸಮವಸ್ತ್ರದಲ್ಲೇ ಪೌರತ್ವ ಸಿಕ್ಕಿತು. ನಾಲ್ಕೇ ದಿನಕ್ಕೆ ಕಿತ್ತುಕೊಂಡರು. ಮತ್ತೆ ಸಿಕ್ಕಿತು, ಸರ್ಕಾರ ಬಿಡಲಿಲ್ಲ. 1923ರಲ್ಲಿ ಸುಪ್ರೀಂ ಕೋರ್ಟ್, ಭಾರತದವರು ‘ಬಿಳಿಯರು’ ಅಲ್ಲ, ಆದ್ದರಿಂದ ಪೌರರಾಗುವಂತಿಲ್ಲ ಎಂದಿತು. ಆಗಲೇ ಪೌರರಾಗಿದ್ದ ಹಲವು ಭಾರತೀಯರೂ ಪೌರತ್ವ ಕಳೆದುಕೊಂಡರು. ಮೊದಲ ಮಹಾಯುದ್ಧದ ವೆಟರನ್‌ಗಳಿಗೆ ಜನಾಂಗ ನೋಡದೆ ದಾರಿ ಬಿಟ್ಟ ಕಾನೂನು ಬಂದದ್ದು 1935ರಲ್ಲಿ. ಮರುವರ್ಷ ಥಿಂಡ್ ಮೂರನೇ ಸಲ ಪೌರರಾದರು, ಈ ಸಲ ಅದು ಉಳಿಯಿತು. ಉಳಿದ ಭಾರತೀಯರು 1946ರವರೆಗೆ ಕಾಯಬೇಕಾಯಿತು. ನಾವು ಇಂದು ಪೌರತ್ವದ ಪ್ರಮಾಣಕ್ಕೆ ಸೀರೆ ಉಟ್ಟು ಹೋಗುತ್ತೇವೆ ಅಲ್ವಾ, ಆ ದಾರಿಯಲ್ಲಿ ಅವರ ಹೆಜ್ಜೆಯೂ ಇದೆ.

ಮನೆಯಲ್ಲಿ ಗಂಡುಮಕ್ಕಳಿದ್ದರೆ ಒಂದು ವಿಷಯ ಗಮನಿಸಿ. ಗ್ರೀನ್ ಕಾರ್ಡ್ ಇರುವ ಅಥವಾ ಪೌರರಾದ 18ರಿಂದ 25ರ ಹುಡುಗರ ಹೆಸರು ‘ಸೆಲೆಕ್ಟಿವ್ ಸರ್ವಿಸ್’ ಪಟ್ಟಿಯಲ್ಲಿ, ಅಂದರೆ ಕಡ್ಡಾಯ ಭರ್ತಿ ಮತ್ತೆ ಬಂದರೆ ಸೇನೆಗೆ ಕರೆಯಬಹುದಾದವರ ಪಟ್ಟಿಯಲ್ಲಿ ಇರಬೇಕು. ಪೌರತ್ವದ ಅರ್ಜಿಯಲ್ಲೂ ಇದನ್ನು ಕೇಳುತ್ತಾರೆ. ಎಚ್-4 (ಕೆಲಸದ ವೀಸಾದವರ ಕುಟುಂಬದ) ಅಥವಾ ಎಫ್-1 (ವಿದ್ಯಾರ್ಥಿಗಳ) ವೀಸಾದಲ್ಲಿ ಸರಿಯಾಗಿ ಇರುವವರಿಗೆ ಇದು ಅನ್ವಯಿಸುವುದಿಲ್ಲ. ಹೆಸರಿದ್ದ ಮಾತ್ರಕ್ಕೆ ಯಾರೂ ಸೇನೆಗೆ ಎಳೆದೊಯ್ಯುವುದಿಲ್ಲ. ಕಡ್ಡಾಯ ಭರ್ತಿ 1973ರಲ್ಲೇ ನಿಂತಿದೆ.

ಪಕ್ಕದ ಮನೆಯವರು ವೆಟರನ್ ಎಂದು ಗೊತ್ತಾದರೆ ನವೆಂಬರ್ 11ರಂದು ಹೋಗಿ ಮಾತಾಡಿಸಿ. ಯಾರನ್ನಾದರೂ ಕೊಂದಿದ್ದೀರಾ ಎಂದು ಮಾತ್ರ ಕೇಳಬೇಡಿ, ಮಕ್ಕಳಿಗೂ ಹೇಳಿಡಿ. ಎಲ್ಲಿದ್ದಿರಿ, ಯಾವ ಕೆಲಸದಲ್ಲಿದ್ದಿರಿ ಎಂದು ಕೇಳಿದರೆ ಸಾಕು.