ಹೊಲದಲ್ಲೇ ಬ್ಯಾಟರಿ ಚಾರ್ಜ್: ಪೆಟ್ರೋಲ್ ಎಂಜಿನ್ನಿಗೆ ಕಾರಿನ ಅಲ್ಟರ್ನೇಟರ್

ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಬ್ಯಾಟರಿ ಕೈಕೊಡುವುದು ಹೆಚ್ಚಾಗಿ ಹೊಲದಲ್ಲೇ. ಕಬ್ಬು ಹೇರಿ ನಿಂತ ಗಾಡಿಯನ್ನು ದೂಡಿ ಚಾಲೂ ಮಾಡಲು ಬರುವುದಿಲ್ಲ, ಹತ್ತಿರದಲ್ಲಿ ಕರೆಂಟೂ ಇರುವುದಿಲ್ಲ. ಇದಕ್ಕೆಂದೇ, ಇಬ್ಬರು ಎತ್ತಿ ಪಿಕಪ್‌ನಲ್ಲಿ ಇಡಬಹುದಾದ 30 ಕೆಜಿ ಆಸುಪಾಸಿನ ಚಾರ್ಜರ್ ಮಾಡಿಕೊಂಡಿದ್ದೇನೆ.

ಎಂಜಿನ್ ಹಗ್ಗ ಎಳೆದು ಚಾಲೂ ಮಾಡುವಂಥ 5 ಎಚ್‌ಪಿಯದು, ಶಾಫ್ಟ್ ಅಡ್ಡ ಇರುವಂಥದ್ದು. ಬೆಲ್ಟಿನಿಂದ ಎಂಜಿನ್ ತಿರುಗಿಸಿದಾಗ ಕರೆಂಟ್ ಕೊಡುವ ಅಲ್ಟರ್ನೇಟರ್, ಒಳಗೇ ರೆಗ್ಯುಲೇಟರ್ (ವೋಲ್ಟೇಜ್ ಹದದಲ್ಲಿಡುವ ಭಾಗ) ಇರುವ 12 ವೋಲ್ಟ್, 45 ಆಂಪಿಯರ್‌ನ ಕಾರಿನದು. ಗುಜರಿಯಲ್ಲಿ 90 ಆಂಪಿಯರ್‌ನದೂ ಸಿಗುತ್ತದೆ, ಆದರೆ ಬೇಡ. ಲೆಕ್ಕ ಹೀಗಿದೆ: 14 ವೋಲ್ಟಿಗೆ 40 ಆಂಪಿಯರ್ ಎಂದರೆ 560 ವ್ಯಾಟ್. ಅಲ್ಟರ್ನೇಟರ್‌ನಲ್ಲಿ ಅರ್ಧದಷ್ಟು ಶಕ್ತಿ ಬಿಸಿಯಾಗಿ ಹೋಗುವುದರಿಂದ ಎಂಜಿನ್ ಒಂದೂವರೆ ಎಚ್‌ಪಿ ಕೊಡಬೇಕು. ಅರ್ಧ ಥ್ರಾಟಲ್‌ನಲ್ಲಿ ಅದು ಆರಾಮಾಗಿ ಕೊಡುತ್ತದೆ. 90ರದು ಸಣ್ಣ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ, ಬೆಲ್ಟೂ ಜಾರುತ್ತದೆ.

ಎಂಜಿನ್ನಿಗೆ 5 ಇಂಚಿನ ಪುಲ್ಲಿ, ಅಲ್ಟರ್ನೇಟರ್‌ಗೆ ಎರಡೂವರೆ ಇಂಚಿನದು. ಎಂಜಿನ್ ನಿಮಿಷಕ್ಕೆ 2,000 ಸುತ್ತಿನಲ್ಲಿ ಓಡಿದರೆ ಅಲ್ಟರ್ನೇಟರ್ 4,000ಕ್ಕೆ ತಿರುಗುತ್ತದೆ, ಇಷ್ಟು ಸಾಕು.

ಎಲ್ಲರೂ ಎಡವುವುದು ತಿರುಗುವ ದಿಕ್ಕಿನಲ್ಲಿ. ಶಾಫ್ಟ್ ಎದುರು ನಿಂತು ನೋಡಿದರೆ ಇಂಥ ಎಂಜಿನ್‌ಗಳಲ್ಲಿ ಹೆಚ್ಚಿನವು ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗುತ್ತವೆ; ಕಾರಿನ ಅಲ್ಟರ್ನೇಟರ್ ಸಾಮಾನ್ಯವಾಗಿ ಮುಳ್ಳಿನ ದಿಕ್ಕಿನಲ್ಲೇ ತಿರುಗಬೇಕು. ಎರಡನ್ನೂ ಒಂದೇ ಕಡೆ ಮುಖ ಮಾಡಿ ಕೂರಿಸಿದರೆ ಕರೆಂಟೇನೋ ಬರುತ್ತದೆ, ಆದರೆ ಫ್ಯಾನಿನ ರೆಕ್ಕೆ ಉಲ್ಟಾ ತಿರುಗಿ ಗಾಳಿ ಸರಿಯಾಗಿ ಎಳೆಯುವುದಿಲ್ಲ. ವಿಜಯಪುರದ ಬೇಸಿಗೆಯಲ್ಲಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಭಾಗ) ಸುಡಲು ಅಷ್ಟು ಸಾಕು. ಹಾಗಾಗಿ ಪುಲ್ಲಿಗಳು ಒಂದೇ ನೇರಕ್ಕೆ ಬರುವಂತೆ, ಆದರೆ ಮುಖಗಳು ಎದುರುಬದುರಾಗುವಂತೆ ಕೂರಿಸಿ. ಫ್ರೇಮ್ ಒಂದಿಷ್ಟು ಉದ್ದವಾಗುತ್ತದೆ, ಆಗಲಿ. ಫ್ರೇಮಿಗೆ 40 ಮಿಮೀ ಆ್ಯಂಗಲ್, ಎಂಜಿನ್ ಕೆಳಗೆ ರಬ್ಬರ್, ಬೆಲ್ಟಿನ ಮೇಲೆ ಜಾಳಿಗೆ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ 10 ಮಿಮೀ ತಗ್ಗಬೇಕು.

ವೈರಿಂಗ್‌ನಲ್ಲಿ ಕಂಜೂಸಿ ಬೇಡ. ಮೂರು ಮೀಟರಿನ ಎರಡು ಕೇಬಲ್, 16 ಚದರ ಮಿಮೀ ತಾಮ್ರದ ವೆಲ್ಡಿಂಗ್ ಕೇಬಲ್ಲೇ ಆಗಬೇಕು. ಇದರಲ್ಲಿ 40 ಆಂಪಿಯರ್‌ಗೆ ಕಾಲು ವೋಲ್ಟಿಗಿಂತ ಸ್ವಲ್ಪ ಹೆಚ್ಚು ನಷ್ಟ. 6 ಚದರ ಮಿಮೀ ವೈರ್ ಹಾಕಿದರೆ ಮುಕ್ಕಾಲು ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ನೆಗೆಟಿವ್ ಕೇಬಲ್ ಅಲ್ಟರ್ನೇಟರ್ ಬಾಡಿಗೇ ಬಿಗಿಯಬೇಕು, ಬಣ್ಣ ಹೊಡೆದ ಫ್ರೇಮನ್ನು ನಂಬಬೇಡಿ. ಪಾಸಿಟಿವ್‌ನಲ್ಲಿ 60 ಆಂಪಿಯರ್‌ನ ಫ್ಯೂಸ್, ಮುಂದೆ ಆ್ಯಂಪಿಯರ್ ಮೀಟರ್. ಪಾಸಿಟಿವ್‌ನಿಂದ ಒಂದು ಸಣ್ಣ ವೈರ್ ಸ್ವಿಚ್ ಮೂಲಕ 3 ವ್ಯಾಟ್ ಬಲ್ಬಿಗೆ, ಅಲ್ಲಿಂದ ಅಲ್ಟರ್ನೇಟರ್‌ನ ಲ್ಯಾಂಪ್ ಟರ್ಮಿನಲ್‌ಗೆ. ಈ ಬಲ್ಬಿನ ಮೂಲಕ ಹರಿಯುವ ಕರೆಂಟೇ ಒಳಗೆ ತಿರುಗುವ ರೋಟರಿಗೆ ಮೊದಲ ಅಯಸ್ಕಾಂತ ಶಕ್ತಿ ಕೊಡುವುದು. ಎಲ್‌ಇಡಿ ಹಾಕಿದರೆ ಅಷ್ಟು ಕರೆಂಟ್ ಹರಿಯುವುದಿಲ್ಲ, ಚಾರ್ಜಿಂಗ್ ಶುರುವಾಗುವುದಿಲ್ಲ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಬಲ್ಬಿಗೇ ಜೀವ ಇರುವುದಿಲ್ಲ. ಅದಕ್ಕೆ 7 ಆಂಪಿಯರ್ ಅವರ್‌ನ ಚಿಕ್ಕ ಬ್ಯಾಟರಿಯೊಂದು ಜೊತೆಗಿರಲಿ, ಬಲ್ಬಿನ ವೈರಿಗೆ ಅದರ ಪಾಸಿಟಿವ್, ಅಲ್ಟರ್ನೇಟರ್ ಬಾಡಿಗೆ ನೆಗೆಟಿವ್.

ಚಾರ್ಜ್ ಮಾಡುವ ಮೊದಲು ಗಾಡಿಯ ಟರ್ಮಿನಲ್ ಎರಡನ್ನೂ ಬ್ಯಾಟರಿಯಿಂದ ಬಿಚ್ಚಿ, ನೀರು ನೋಡಿ. ಪ್ಲೇಟ್ ಕಾಣುತ್ತಿದ್ದರೆ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ, ಉಳಿದದ್ದು ಚಾರ್ಜ್ ಆದ ಮೇಲೆ. ಪ್ಲಸ್ ಮೈನಸ್ ಎರಡು ಸಲ ನೋಡಿ ಕ್ಲಿಪ್ ಹಾಕಿ, ಅದಲುಬದಲಾದರೆ ಡಯೋಡ್ ಆ ಕ್ಷಣಕ್ಕೇ ಹೋಗುತ್ತವೆ. ಆಮೇಲೆ ಸ್ವಿಚ್, ಕೊನೆಗೆ ಎಂಜಿನ್. ಬಿಚ್ಚುವಾಗ ಮೊದಲು ಎಂಜಿನ್ ನಿಲ್ಲಿಸಬೇಕು. ಓಡುವಾಗಲೇ ಕ್ಲಿಪ್ ಕಿತ್ತರೆ ವೋಲ್ಟೇಜ್ ಒಮ್ಮೆಲೇ ಜಿಗಿದು ರೆಗ್ಯುಲೇಟರ್ ಸುಡುತ್ತದೆ. ಕಿಡಿ ಹಾರಿ ಬ್ಯಾಟರಿಯಿಂದ ಬರುವ ಹೈಡ್ರೋಜನ್ ಹೊತ್ತಿಕೊಳ್ಳಲೂಬಹುದು. ಎಂಜಿನ್ ಬ್ಯಾಟರಿಯಿಂದ ಎರಡು ಮೀಟರ್ ದೂರ ಇರಲಿ, ಶೆಡ್ಡಿನೊಳಗೆ ಎಂದೂ ಓಡಿಸಬೇಡಿ.

ಥ್ರಾಟಲ್ ಕಡಿಮೆ ಇಟ್ಟು 15–20 ಆಂಪಿಯರ್‌ನಲ್ಲಿ ಅರ್ಧ ತಾಸು ಬಿಟ್ಟರೆ, ಕೆಟ್ಟಿರದ 88 ಆಂಪಿಯರ್ ಅವರ್ ಬ್ಯಾಟರಿ ಸೆಲ್ಫ್ ಎತ್ತುತ್ತದೆ. ಪೂರ್ತಿ ತುಂಬಿಸುವ ಕೆಲಸಕ್ಕೆ ಪೆಟ್ರೋಲ್ ಸುಡುವುದು ದಂಡ, ಅದನ್ನು ಕರೆಂಟಿನ ನಿಧಾನ ಚಾರ್ಜರ್‌ಗೆ ಬಿಡಿ. ಲಾರಿಯ 24 ವೋಲ್ಟ್ ಜೋಡಿಯಾದರೆ ನಡುವಿನ ಪಟ್ಟಿ ಬಿಚ್ಚಿ ಒಂದೊಂದಾಗಿ ಚಾರ್ಜ್ ಮಾಡಬೇಕು.

ಎಂಜಿನ್ ವೇಗ ಹಿಡಿದರೂ ಬಲ್ಬ್ ಆರದಿದ್ದರೆ ಮೊದಲು ಬೆಲ್ಟ್ ಬಿಗಿ ನೋಡಿ, ಆಮೇಲೆ ರೆಗ್ಯುಲೇಟರ್. ಸ್ವಿಚ್ ಹಾಕಿದರೂ ಹೊತ್ತದಿದ್ದರೆ ಬಲ್ಬ್ ಹೋಗಿರಬೇಕು, ಇಲ್ಲವೇ ರೋಟರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರಬೇಕು. ಓಡುವಾಗ ಮಂದವಾಗಿ ಮಿನುಗುತ್ತಿದ್ದರೆ ಸಾಮಾನ್ಯವಾಗಿ ಡಯೋಡ್ ಕೆಟ್ಟಿರುತ್ತದೆ.